ಬೇಸಿನ್ನಿನ ನಳ: ಆಯ್ಕೆ, ಜೋಡಣೆ ಮತ್ತು ಲೆಕ್ಕ

ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಭತ್ತದ ಚೀಲವೊಂದಕ್ಕೆ ಹತ್ತು ರೂಪಾಯಿಯ ಅಂತರ ಬಂದರೆ ಅರ್ಧ ತಾಸು ಚೌಕಾಸಿ ನಡೆಸುವ ವರ್ತಕನು, ತನ್ನ ಅಂಗಡಿಯ ಅಥವಾ ಮನೆಯ ಬೇಸಿನ್ನಿಗೆ ನಳ ಕೊಳ್ಳುವಾಗ ಐದು ನಿಮಿಷವನ್ನೂ ವ್ಯಯಿಸುವುದಿಲ್ಲ. ಹೊಳಪು ನೋಡುತ್ತಾನೆ, ಬೆಲೆ ಕೇಳುತ್ತಾನೆ, ವಸ್ತುವನ್ನು ಪ್ಲಂಬರನ ಕೈಗಿತ್ತು ಮರೆತುಬಿಡುತ್ತಾನೆ. ಮೊತ್ತ ಚಿಕ್ಕದಾದುದರಿಂದ ಈ ಖರೀದಿ ಯಾವ ಲೆಕ್ಕಪರಿಶೋಧನೆಗೂ ಸಿಕ್ಕುವುದಿಲ್ಲ. ಆದರೆ ಇಪ್ಪತ್ತು ಕೊಠಡಿಗಳ ವಸತಿಗೃಹ, ಖಾನಾವಳಿ, ಆಸ್ಪತ್ರೆ, ಕಲ್ಯಾಣಮಂಟಪ ಅಥವಾ ಮಿಲ್ಲಿನ ಕಚೇರಿಯನ್ನು ನಡೆಸುವವರಿಗೆ ಇದೇ ಚಿಕ್ಕ ಮೊತ್ತವು ವರ್ಷ ವರ್ಷವೂ ದುರಸ್ತಿ ಖಾತೆಯಲ್ಲಿ ಮರಳಿ ಮರಳಿ ಕಾಣಿಸಿಕೊಳ್ಳುತ್ತದೆ. ನಳದ ಬೆಲೆ ಬೇರೆ, ಅದರ ವೆಚ್ಚ ಬೇರೆ. ಬೆಲೆಯನ್ನು ಅಂಗಡಿಯವನು ಹೇಳುತ್ತಾನೆ. ವೆಚ್ಚವನ್ನು ಆ ಊರಿನ ನೀರು, ತೊಟ್ಟಿಯ ಎತ್ತರ ಮತ್ತು ಬಿಡಿಭಾಗ ಸಿಗುವ ದೂರ ಇವು ಮೂರೂ ಸೇರಿ ತೀರ್ಮಾನಿಸುತ್ತವೆ.

ಮೈಸೂರು ಸೀಮೆಯವರು ನಲ್ಲಿ ಅಥವಾ ಕೊಳಾಯಿ ಎನ್ನುವುದನ್ನು ಈ ಭಾಗದಲ್ಲಿ ನಳ ಎನ್ನುವುದು ರೂಢಿ. ಅಂಗಡಿಯಲ್ಲಿ ಬೇಸಿನ್ನಿನ ಮೇಲೆ ನಿಲ್ಲುವ ನಳಕ್ಕೆ ಪಿಲ್ಲರ್ ಕಾಕ್ ಎಂದೂ, ಗೋಡೆಯಿಂದ ಹೊರಚಾಚುವ ಸಾದಾ ನಳಕ್ಕೆ ಬಿಬ್ ಕಾಕ್ ಎಂದೂ, ಬಿಸಿನೀರು ತಣ್ಣೀರು ಬೆರೆಸಿ ಕೊಡುವುದಕ್ಕೆ ಮಿಕ್ಸರ್ ಎಂದೂ, ಕ್ರೋಮಿಯಂ ಲೇಪದ ಸಾಮಾನೆಲ್ಲಕ್ಕೂ ಒಟ್ಟಾಗಿ ಸಿ.ಪಿ. ಫಿಟಿಂಗ್ ಎಂದೂ ಹೆಸರು. ಈ ಲೇಖನದಲ್ಲಿಯೂ ಅದೇ ಪದಗಳನ್ನು ಬಳಸಲಾಗಿದೆ.

ಮೊದಲು ನೀರು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ದೋಆಬ್ ಪ್ರದೇಶದಲ್ಲಿ ಒಂದೇ ಜಿಲ್ಲೆಯೊಳಗೆ ಹಲವು ಬಗೆಯ ನೀರು ಉಂಟು. ರಾಯಚೂರು ನಗರಕ್ಕೆ ಎರಡೂ ನದಿಗಳ ನೀರು ಬರುತ್ತದೆ. ನದಿಯ ನೀರು ಸಾಮಾನ್ಯವಾಗಿ ಕೊಳವೆಬಾವಿಯ ನೀರಿಗಿಂತ ಮೃದು. ಆದರೆ ಮಳೆಗಾಲದಲ್ಲಿ ಕೆಸರು, ಹಳೆಯ ಕೊಳವೆಗಳಿಂದ ತುಕ್ಕು ಮತ್ತು ಮರಳಿನ ಕಣ ಅದರೊಡನೆ ಬರುತ್ತವೆ. ಮಾನ್ವಿ ಸೀಮೆಯು ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟು. ದಶಕಗಳ ನೀರಾವರಿಯಿಂದ ಅಲ್ಲಲ್ಲಿ ಭೂಮಿ ಸವಳಾಗಿದೆ; ಅಂಥ ಕಡೆಯ ಕೊಳವೆಬಾವಿಯ ನೀರಿನಲ್ಲಿ ಉಪ್ಪಿನಂಶ ಹೆಚ್ಚು. ದೇವದುರ್ಗ ತಾಲ್ಲೂಕಿಗೆ ನಾರಾಯಣಪುರ ಬಲದಂಡೆ ಕಾಲುವೆ ಬಂದಿದ್ದರೂ ಕಾಲುವೆಯಿಂದ ದೂರದ ಊರುಗಳಲ್ಲಿ ಇಂದಿಗೂ ಬಂಡೆಯೊಳಗಿನ ಕೊಳವೆಬಾವಿಯೇ ಆಧಾರ. ಅಲ್ಲಿಯ ನೀರು ಬಹುಮಟ್ಟಿಗೆ ಗಡಸು, ಹಲವೆಡೆ ಫ್ಲೋರೈಡ್ ಸಹ ಉಂಟು. ಬೇಸಿಗೆಯಲ್ಲಿ ಕಾಲುವೆಗಳು ನಿಂತಾಗ ಕಾಲುವೆ ನೀರಿನ ಮನೆಗಳೂ ಕೊಳವೆಬಾವಿಗೋ ಟ್ಯಾಂಕರಿಗೋ ಮರಳುತ್ತವೆ. ಆದ್ದರಿಂದ ನಳವನ್ನು ಆರಿಸುವಾಗ ಶ್ರಾವಣದ ನೀರನ್ನಲ್ಲ, ವೈಶಾಖದ ನೀರನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದು.

ಕುಡಿಯುವ ನೀರಿನ ಭಾರತೀಯ ಮಾನಕವಾದ ಐ.ಎಸ್. 10500ರ ಪ್ರಕಾರ ಒಟ್ಟು ಗಡಸುತನವು ಲೀಟರಿಗೆ 200 ಮಿಲಿಗ್ರಾಂವರೆಗೆ ಅಪೇಕ್ಷಣೀಯ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹ್ಯ. ಕರಗಿದ ಲವಣಗಳಿಗೆ ಇದೇ ರೀತಿ 500 ಮತ್ತು 2,000 ಮಿಲಿಗ್ರಾಂನ ಮಿತಿಗಳಿವೆ. ಈ ಅಂಕಿಗಳನ್ನು ನಿಗದಿಪಡಿಸಿರುವುದು ಮನುಷ್ಯನ ಸಲುವಾಗಿ; ಆದರೆ ನಳಕ್ಕೂ ಇವು ಒಳ್ಳೆಯ ಸೂಚಕಗಳೇ. ನೀರನ್ನು ಪ್ರಯೋಗಾಲಯದಲ್ಲಿ ಒಮ್ಮೆ ಪರೀಕ್ಷೆ ಮಾಡಿಸುವುದು ಉತ್ತಮ. ಅಷ್ಟು ವ್ಯವಧಾನವಿಲ್ಲದವರು ಬಚ್ಚಲಿನ ಹಂಡೆಯ ಒಳಮೈ ನೋಡಿದರೂ ಸಾಕು. ಬಿಳಿಯ ಸುಣ್ಣದ ಪದರ ಕಟ್ಟಿದ್ದರೆ, ಸಾಬೂನು ನೊರೆ ಬಾರದೆ ಜಿಗುಟಾಗುತ್ತಿದ್ದರೆ, ನೀರು ಗಡಸೆಂದು ತಿಳಿಯಬೇಕು. ಆ ಪದರವೇ ನಳದ ಒಳಗೂ ಕಟ್ಟುತ್ತದೆ. ಫ್ಲೋರೈಡಿನಿಂದ ನಳಕ್ಕೆ ಬಾಧೆಯಿಲ್ಲ, ಮನುಷ್ಯನ ಹಲ್ಲು ಮೂಳೆಗೆ ಉಂಟು. ಎಷ್ಟು ಬೆಲೆಯ ನಳವನ್ನು ಕೂಡಿಸಿದರೂ ಅದು ಫ್ಲೋರೈಡನ್ನು ತೆಗೆಯಲಾರದು ಎಂಬುದನ್ನು ಮಾತ್ರ ಇಲ್ಲಿ ಹೇಳಿದರೆ ಸಾಕು.

ತೊಟ್ಟಿಯ ಎತ್ತರ

ನೀರಿನ ಗುಣದ ನಂತರ ಒತ್ತಡ. ತೊಟ್ಟಿಯ ನೀರಿನ ಮಟ್ಟವು ನಳದ ಬಾಯಿಗಿಂತ ಹತ್ತು ಮೀಟರ್ ಎತ್ತರದಲ್ಲಿದ್ದರೆ ಪ್ಲಂಬರರ ಮಾತಿನಲ್ಲಿ ಒಂದು ಕೆ.ಜಿ. ಒತ್ತಡ, ಅಂದರೆ ಸುಮಾರು ಒಂದು ಬಾರ್. ಒಂದಂತಸ್ತಿನ ಮನೆಯ ಮಾಳಿಗೆಯ ಮೇಲೆ ಇಟ್ಟ ಪ್ಲಾಸ್ಟಿಕ್ ತೊಟ್ಟಿಗೂ ಕೆಳಗಿನ ಬೇಸಿನ್ನಿಗೂ ಮೂರು ಮೀಟರ್ ಅಂತರವಿದ್ದರೆ ಹೆಚ್ಚು. ಅಲ್ಲಿ ಸಿಗುವ ಒತ್ತಡ ಒಂದು ಬಾರಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ದೊಡ್ಡ ಊರುಗಳ ಪ್ರದರ್ಶನ ಮಳಿಗೆಗಳಲ್ಲಿ ಧಾರೆಯಾಗಿ ಸುರಿಯುವ ಒಂಟಿ ಹಿಡಿಕೆಯ ಮಿಕ್ಸರ್ ಅರ್ಧ ಬಾರಿನಿಂದ ಒಂದು ಬಾರಿನವರೆಗೆ ಒತ್ತಡವನ್ನು ನಿರೀಕ್ಷಿಸಿ ಮಾಡಿದ್ದು. ಅದನ್ನೇ ತಂದು ಮಾನ್ವಿಯ ಒಂದಂತಸ್ತಿನ ಮನೆಯಲ್ಲಿ ಕೂಡಿಸಿದರೆ ನೀರು ತೊಟ್ಟಿಕ್ಕುತ್ತದೆ. ಆಗ ಬೈಗುಳ ತಿನ್ನುವವನು ಪ್ಲಂಬರ್. ತಪ್ಪು ಮಾತ್ರ ಆಯ್ಕೆಯದು.

ಖರೀದಿಗೆ ಹೊರಡುವ ಮೊದಲು ಒಂದು ಲೀಟರಿನ ಪಾತ್ರೆಯನ್ನು ಈಗಿರುವ ನಳದ ಕೆಳಗೆ ಹಿಡಿದು ಗಡಿಯಾರ ನೋಡಬೇಕು. ಹತ್ತು ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ ಆರು ಲೀಟರ್. ಕೈತೊಳೆಯಲು ಇದು ಧಾರಾಳ. ಇಪ್ಪತ್ತು ಸೆಕೆಂಡು ಹಿಡಿದರೆ ಮೊದಲು ಕೊಳವೆ ಕಟ್ಟಿದೆಯೇ ನೋಡಬೇಕು. ಕಟ್ಟಿಲ್ಲವಾದರೆ ಒಳದಾರಿ ಅಗಲವಾದ ಸಾದಾ ಪಿಲ್ಲರ್ ಕಾಕನ್ನೇ ಕೊಳ್ಳಬೇಕು.

ಮಿಕ್ಸರಿನ ಮಾತು ಬಂದುದರಿಂದ ಇನ್ನೊಂದು ವಿಷಯ. ಈ ಊರುಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ; ಮಾಳಿಗೆಯ ತೊಟ್ಟಿಯ ತಣ್ಣೀರಿಗೇ ಕೈಯೊಡ್ಡಲಾಗದು. ಬೇಸಿನ್ನಿನಲ್ಲಿ ಬಿಸಿನೀರು ನಿಜವಾಗಿ ಬೇಕೆನಿಸುವುದು ಚಳಿಗಾಲದ ಕೆಲವು ವಾರಗಳಲ್ಲಿ. ಅಷ್ಟಕ್ಕಾಗಿ ಎರಡು ಕೊಳವೆ, ಎರಡು ಆಂಗಲ್ ಕಾಕ್ ಮತ್ತು ದುಬಾರಿ ಮಿಕ್ಸರ್ ಇವೆಲ್ಲವನ್ನೂ ಹೊರುವುದು ವಸತಿಗೃಹದವರಿಗೂ ಅನಗತ್ಯವೆಂದೇ ತೋರುತ್ತದೆ. ಸ್ನಾನದ ನಳಕ್ಕೆ ಬಿಸಿನೀರಿದ್ದರೆ ಸಾಕು. ಸೌರ ಹೀಟರಿನ ಬಿಸಿನೀರು ಕಡಿಮೆ ಒತ್ತಡದಲ್ಲಿ ಬರುತ್ತಿದ್ದು, ತಣ್ಣೀರಿಗೆ ಪಂಪು ಜೋಡಿಸಿದ್ದರಂತೂ ಮಿಕ್ಸರಿನೊಳಗೆ ತಣ್ಣೀರು ಬಿಸಿನೀರಿನ ಕೊಳವೆಯೊಳಕ್ಕೇ ಹಿಂದೆ ನುಗ್ಗುವುದುಂಟು.

ಹಿತ್ತಾಳೆಯೋ, ಹಿತ್ತಾಳೆಯಂಥದೋ

ಕ್ರೋಮ್ ಲೇಪದ ಕೆಳಗೆ ಏನಿದೆ ಎಂಬುದು ಕಣ್ಣಿಗೆ ಕಾಣದು. ಅದು ಹಿತ್ತಾಳೆಯಾಗಿರಬಹುದು, ಸತುವಿನ ಮಿಶ್ರಲೋಹವಾಗಿರಬಹುದು, ಪ್ಲಾಸ್ಟಿಕ್ ಸಹ ಆಗಿರಬಹುದು. ಹಿತ್ತಾಳೆಯು ಒಂದು ಘನ ಸೆಂಟಿಮೀಟರಿಗೆ ಸುಮಾರು 8.4 ಗ್ರಾಂ ತೂಗುತ್ತದೆ. ಸತುವಿನ ಮಿಶ್ರಲೋಹ 6.7ರ ಆಸುಪಾಸು; ಪ್ಲಾಸ್ಟಿಕ್ ಒಂದೂವರೆ ಗ್ರಾಮಿನೊಳಗೆ. ಆದ್ದರಿಂದ ತೂಕವೇ ಮೊದಲ ಸಾಕ್ಷಿ. ಆದರೆ ಸತುವಿನ ನಳವನ್ನು ದಪ್ಪಗೆ ಎರಕಹೊಯ್ದರೆ ಅದೂ ಭಾರವಾಗಿಯೇ ಇರುತ್ತದೆ. ಹಿತ್ತಾಳೆಯನ್ನು ತೆಳುವಾಗಿ ಎರಕಹೊಯ್ದರೆ ಹಗುರವಾಗುತ್ತದೆ. ಎರಡನೆಯ ಸಾಕ್ಷಿ ಕೆಳಭಾಗದ ತಿರುಪಿನ ಹಲ್ಲುಗಳು. ಅಲ್ಲಿ ಲೇಪ ತೆಳು ಅಥವಾ ಇಲ್ಲವೇ ಇಲ್ಲ. ಒಳಗೆ ಹಳದಿ ಕಂಡರೆ ಹಿತ್ತಾಳೆ, ಬೂದು ಬಿಳುಪು ಕಂಡರೆ ಸತುವು.

ಭಾರತದಲ್ಲಿ ಹಿತ್ತಾಳೆಯ ಬಿಡಿಭಾಗಗಳಿಗೆ ಜಾಮ್‌ನಗರವೂ, ನಳ ಮತ್ತು ವಾಲ್ವುಗಳಿಗೆ ಜಲಂಧರವೂ ಹೆಸರಾದ ಕೇಂದ್ರಗಳು. ರಾಯಚೂರಿನ ಅಂಗಡಿಗಳಿಗೆ ಹೈದರಾಬಾದಿನ ಪೇಟೆ ಸಮೀಪದ್ದು. ದಾರಿಯಲ್ಲಿ ಎರಡು ಮೂರು ಕೈ ದಾಟಿ ಬರುವ ಗುರುತಿಲ್ಲದ ಮಾಲಿನ ಮೂಲವನ್ನು ಚಿಲ್ಲರೆ ವ್ಯಾಪಾರಿಯೂ ಅರಿಯನು. ಭಾರತೀಯ ಮಾನಕ ಸಂಸ್ಥೆಯ ಗುರುತಿರುವ ಮಾಲನ್ನೇ ಕೇಳುವುದು ಸರಳ ಉಪಾಯ. ಪಿಲ್ಲರ್ ಕಾಕಿಗೆ ಐ.ಎಸ್. 1795, ಸಾದಾ ಬಿಬ್ ಕಾಕಿಗೆ ಐ.ಎಸ್. 781, ಅಲಂಕಾರದ ನಳ ಮತ್ತು ಮಿಕ್ಸರುಗಳಿಗೆ ಐ.ಎಸ್. 8931 ಎಂಬ ಸಂಖ್ಯೆಗಳಿವೆ. ಗುರುತು ನಳದ ಮೈಮೇಲೆ ಇರಬೇಕು. ಪೆಟ್ಟಿಗೆಯ ಮೇಲೆ ಇದ್ದರೆ ಸಾಲದು.

ಉಪ್ಪಿನ ನೀರಿನಲ್ಲಿ ಹಿತ್ತಾಳೆಯೂ ಅಮರವಲ್ಲ. ಕ್ಲೋರೈಡ್ ಹೆಚ್ಚಿದ ನೀರು ಹಿತ್ತಾಳೆಯೊಳಗಿನ ಸತುವನ್ನು ಕ್ರಮೇಣ ಕರಗಿಸಿಕೊಂಡು ಒಯ್ಯುತ್ತದೆ; ಉಳಿಯುವ ಕೆಂಪು ತಾಮ್ರವು ಸ್ಪಂಜಿನಂತೆ ಟೊಳ್ಳಾಗಿ, ಒಂದು ದಿನ ಪ್ಲಂಬರ್ ಪಾನಾ ಹಾಕಿದೊಡನೆ ಮುರಿದು ಬೀಳುತ್ತದೆ. ಮಾನ್ವಿ ಭಾಗದ ಸವಳು ನೀರಿನ ಹಳ್ಳಿಗಳಲ್ಲಿ ಪಿ.ಟಿ.ಎಂ.ಟಿ. ಎಂದು ಕರೆಯಲಾಗುವ ಗಟ್ಟಿ ಪ್ಲಾಸ್ಟಿಕ್ಕಿನ ನಳಕ್ಕೆ ಬೇಡಿಕೆಯಿದ್ದರೆ ಆಶ್ಚರ್ಯವಿಲ್ಲ. ಅದಕ್ಕೆ ತುಕ್ಕಿಲ್ಲ, ಸುಣ್ಣ ಅಂಟುವುದೂ ಕಡಿಮೆ. ಗುಜರಿಯಲ್ಲಿ ಬೆಲೆಯಿಲ್ಲದುದರಿಂದ ಕಳ್ಳನಿಗೂ ಬೇಡ. ಗೋದಾಮಿನ ಹಿಂಭಾಗದಲ್ಲಿ ಹಮಾಲರ ಉಪಯೋಗಕ್ಕೆ ಹಿತ್ತಾಳೆಯ ನಳ ಕೂಡಿಸಿ ಎರಡು ಸಲ ಕಳೆದುಕೊಂಡವರು ಈ ಗುಣವನ್ನು ಬೇಗ ಮೆಚ್ಚುತ್ತಾರೆ. ಆದರೆ ಬಿಸಿಲಿಗೆ ನೇರವಾಗಿ ಒಡ್ಡಿದರೆ ಪ್ಲಾಸ್ಟಿಕ್ ಕೆಲವೇ ವರ್ಷಗಳಲ್ಲಿ ಬೆರಳಿಗೇ ಮುರಿಯುವಂತಾಗುತ್ತದೆ. ನೆರಳಿನೊಳಗೇ ಇರಬೇಕು.

ಹಿತ್ತಾಳೆಯನ್ನು ಸುಲಭವಾಗಿ ಕಡೆಯಲು ಅದರಲ್ಲಿ ಶೇ. 2ರಿಂದ 3ರಷ್ಟು ಸೀಸ ಬೆರೆಸುವ ರೂಢಿಯೂ ಉಂಟು. ಅಮೆರಿಕದಲ್ಲಿ 2014ರ ಜನವರಿಯಿಂದ ಕುಡಿಯುವ ನೀರಿನ ನಳಗಳ ನೀರು ತಾಗುವ ಭಾಗದಲ್ಲಿ ಸೀಸವು ಸರಾಸರಿ ಶೇ. 0.25ನ್ನು ಮೀರಕೂಡದೆಂಬ ನಿಯಮ ಜಾರಿಗೆ ಬಂದಿತು. ಕೈತೊಳೆಯುವ ಬೇಸಿನ್ನಿನಿಂದ ಕುಡಿಯುವ ನೀರು ಹಿಡಿಯುವ ಅಭ್ಯಾಸವಿದ್ದ ಕಡೆ ರಾತ್ರಿಯಿಡೀ ನಿಂತ ಮೊದಲ ನೀರನ್ನು ಬಿಟ್ಟುಬಿಡುವುದು ಕ್ಷೇಮ.

ಒಳಗಿನ ಭಾಗ ಮತ್ತು ಐವತ್ತು ಕಿಲೋಮೀಟರ್

ನಳದೊಳಗೆ ನೀರನ್ನು ತಡೆಯುವ ವಿಧಾನ ಎರಡು. ಹಳೆಯದು, ತಿರುಪನ್ನು ಹಲವು ಸುತ್ತು ತಿರುಗಿಸಿ ರಬ್ಬರಿನ ವಾಶರನ್ನು ಒತ್ತುವುದು. ಹೊಸದು, ಕಾಲು ಸುತ್ತಿಗೆ ತೆರೆದು ಮುಚ್ಚುವ ಸೆರಾಮಿಕ್ ಬಿಲ್ಲೆಗಳ ಜೋಡಿ. ಎರಡನೆಯದು ನಯ, ಮಕ್ಕಳಿಗೂ ವೃದ್ಧರಿಗೂ ಸುಲಭ, ಶುದ್ಧ ನೀರಿನಲ್ಲಿ ದೀರ್ಘಾಯು. ಅದರ ಶತ್ರು ಮರಳಿನ ಕಣ. ಬಿಲ್ಲೆಗಳ ನಡುವೆ ಒಂದು ಕಣ ಸಿಕ್ಕಿ ಗೀರು ಬಿದ್ದರೆ ಸೋರಿಕೆ ಶುರು. ವಾಶರಿನಂತೆ ಬಿಲ್ಲೆಯನ್ನು ಬದಲಾಯಿಸಲು ಬಾರದು, ಇಡೀ ಕಾರ್ಟ್ರಿಜ್ ಬದಲಿಸಬೇಕು. ಕಾರ್ಟ್ರಿಜ್ ಒಂದೊಂದು ಕಂಪನಿಗೆ ಒಂದೊಂದು ಅಳತೆ.

ಇಲ್ಲಿಯೇ ಊರಿನ ಪ್ರಶ್ನೆ ಬರುವುದು. ದೇವದುರ್ಗವೂ ಮಾನ್ವಿಯೂ ಜಿಲ್ಲಾ ಕೇಂದ್ರದಿಂದ ಹೆಚ್ಚುಕಡಿಮೆ ಐವತ್ತು ಕಿಲೋಮೀಟರ್ ದೂರ. ರಬ್ಬರಿನ ವಾಶರ್ ಯಾವ ಕಿರಾಣಿ ಅಂಗಡಿಯ ಪಕ್ಕದ ಹಾರ್ಡ್‌ವೇರಿನಲ್ಲಿಯೂ ಸಿಗುತ್ತದೆ, ಮನೆಯ ಹಿರಿಯರೇ ಬದಲಿಸುತ್ತಾರೆ. ನಿರ್ದಿಷ್ಟ ಕಂಪನಿಯ ಕಾರ್ಟ್ರಿಜ್ ಬೇಕೆಂದರೆ ರಾಯಚೂರಿನ ತೀನ್ ಕಂದಿಲ್ ಕಡೆಯ ಅಂಗಡಿಗಳಲ್ಲಿ ವಿಚಾರಿಸಬೇಕು, ಅಲ್ಲಿಯೂ ಇಲ್ಲದಿದ್ದರೆ ಹೈದರಾಬಾದಿನಿಂದ ತರಿಸಬೇಕು. ಬಸ್ಸಿನ ವೆಚ್ಚ, ಒಂದು ದಿನದ ದುಡಿಮೆ ಮತ್ತು ಅಷ್ಟು ದಿನ ಸೋರುವ ನೀರು ಇವುಗಳನ್ನು ಯಾವ ಬೆಲೆಪಟ್ಟಿಯೂ ತೋರಿಸದು. ಆದ್ದರಿಂದ ರಾಯಚೂರು ನಗರದಲ್ಲಿ ನದಿನೀರು ಬರುವ, ಮುಂಭಾಗದಲ್ಲಿ ಜಾಲರಿ ಕೂಡಿಸಿದ ಮನೆಗೆ ಕಾಲು ಸುತ್ತಿನ ನಳವನ್ನು ಧೈರ್ಯವಾಗಿ ಹೇಳಬಹುದು. ದೇವದುರ್ಗದ ಕೊಳವೆಬಾವಿಯ ಮನೆಗೆ ವಾಶರಿನ ಹಿತ್ತಾಳೆ ನಳವೇ ಯುಕ್ತ. ಇದನ್ನು ಹಿಂದುಳಿದ ಆಯ್ಕೆಯೆಂದು ಭಾವಿಸಬೇಕಿಲ್ಲ. ಕಾರ್ಟ್ರಿಜ್ ನಳವನ್ನೇ ಕೊಳ್ಳುವುದಾದರೆ ಅದೇ ದಿನ ಒಂದೆರಡು ಕಾರ್ಟ್ರಿಜ್ ಹೆಚ್ಚಿಗೆ ಕೊಂಡಿಡಬೇಕು. ಐದು ವರ್ಷದ ನಂತರ ಆ ಮಾದರಿಯೇ ಪೇಟೆಯಲ್ಲಿ ಇಲ್ಲದಿರಬಹುದು.

ನಳದ ಬಾಯಿಗೆ ಕೂಡಿಸುವ ಜಾಲರಿಯ ಮುಚ್ಚಳಕ್ಕೆ ಏರೇಟರ್ ಎಂದು ಹೆಸರು. ಗಾಳಿ ಬೆರೆಸಿ ನೀರು ಉಳಿಸುವುದು ಅದರ ಕೆಲಸ. ಗಡಸು ನೀರಿನಲ್ಲಿ ಇದು ತಿಂಗಳೊಳಗೆ ಕಟ್ಟಿಕೊಳ್ಳುವುದರಿಂದ ಕೈಯಿಂದಲೇ ಬಿಚ್ಚಲು ಬರುವಂಥದನ್ನು ಆರಿಸಬೇಕು. ಬಿಚ್ಚಿ ನಿಂಬೆಯ ಅಥವಾ ಹುಣಸೆಯ ನೀರಿನಲ್ಲಿ ರಾತ್ರಿ ನೆನೆಹಾಕಿದರೆ ಸುಣ್ಣ ಬಿಡುತ್ತದೆ. ಶೌಚಾಲಯಕ್ಕೆ ಬಳಸುವ ಆಸಿಡ್ಡನ್ನು ಕ್ರೋಮಿನ ಮೇಲೆ ಸುರಿಯುವುದು ಹೊಸ ನಳವನ್ನು ಒಂದೇ ದಿನದಲ್ಲಿ ಹಳೆಯದು ಮಾಡುವ ವಿಧಾನ.

ಜೋಡಣೆ

ಅಂಗಡಿಗೆ ಹೋಗುವಾಗ ಬೇಸಿನ್ನಿನ ಅಳತೆಯನ್ನು ಬರೆದುಕೊಂಡು ಹೋಗಬೇಕು. ಸಾದಾ ಪಿಲ್ಲರ್ ಕಾಕಿನ ತಿರುಪು ಅರ್ಧ ಇಂಚು. ಒಂಟಿ ಹಿಡಿಕೆಯ ಮಿಕ್ಸರಿಗೆ ಸಾಮಾನ್ಯವಾಗಿ 35 ಮಿ.ಮೀ. ರಂಧ್ರ ಬೇಕು. ಗ್ರಾನೈಟ್ ಹಲಗೆಯ ಮೇಲೆ ಬಟ್ಟಲಿನಂತೆ ಇಡುವ ಬೇಸಿನ್ನಾದರೆ ನಳದ ಕಾಂಡ ಉದ್ದವಿರಬೇಕು, ಕಲ್ಲಿನ ದಪ್ಪವನ್ನು ದಾಟಿ ಕೆಳಗಿನಿಂದ ನಟ್ಟು ಬಿಗಿಯಲು ಸಾಕಷ್ಟು ತಿರುಪು ಉಳಿಯಬೇಕು. ನೀರಿನ ಧಾರೆ ಬೇಸಿನ್ನಿನ ನಡುವಿನ ರಂಧ್ರದ ಸಮೀಪ ಬೀಳಬೇಕು. ಹಿಂಬದಿಯ ಅಂಚಿಗೆ ಬಿದ್ದರೆ ಕೈತೊಳೆಯುವವನ ಬೆರಳು ಪಿಂಗಾಣಿಗೆ ತಾಗುತ್ತದೆ.

ಎಲ್ಲಕ್ಕಿಂತ ಮೊದಲು ಬೇಸಿನ್ನಿನ ಕೆಳಗೆ ಗೋಡೆಯಲ್ಲಿ ಆಂಗಲ್ ಕಾಕ್ ಇದೆಯೇ ನೋಡಬೇಕು. ಖರ್ಚು ಉಳಿಸಲು ಬಿಡುವ ಮೊದಲ ವಸ್ತು ಇದೇ. ಆಂಗಲ್ ಕಾಕ್ ಇಲ್ಲದ ಕಡೆ ಒಂದು ವಾಶರ್ ಬದಲಿಸಲು ಇಡೀ ಕಟ್ಟಡದ ನೀರು ನಿಲ್ಲಿಸಬೇಕಾಗುತ್ತದೆ. ಖಾನಾವಳಿಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಹೀಗಾದರೆ ಉಳಿಸಿದ ಹಣ ಯಾವ ಮೂಲೆಗೆ?

ಹಳೆಯ ನಳ ಬಿಚ್ಚಿದ ಮೇಲೆ, ಹೊಸದನ್ನು ಕೂಡಿಸುವ ಮುನ್ನ, ಆಂಗಲ್ ಕಾಕನ್ನು ಬಕೆಟ್ಟಿಗೆ ತೆರೆದು ಒಂದು ನಿಮಿಷ ನೀರು ಹರಿಸಬೇಕು. ಕೊಳವೆಯಲ್ಲಿ ಕೂತಿದ್ದ ಮರಳು, ತುಕ್ಕು, ಪ್ಲಾಸ್ಟಿಕ್ಕಿನ ಚೂರು ಇವೆಲ್ಲ ಹೊರಬರುತ್ತವೆ. ಈ ಒಂದು ನಿಮಿಷವನ್ನು ಬಿಟ್ಟವರೇ ಸೆರಾಮಿಕ್ ನಳವು ಮೊದಲ ವಾರದಲ್ಲಿಯೇ ಸೋರಿತೆಂದು ಅಂಗಡಿಗೆ ಮರಳುವವರು. ಅನಂತರ ನಳದ ಅಡಿಯಲ್ಲಿ ರಬ್ಬರ್ ಬಿಲ್ಲೆಯಿಟ್ಟು ರಂಧ್ರದಲ್ಲಿ ಇಳಿಸಿ, ಕೆಳಗಿನಿಂದ ಇನ್ನೊಂದು ಬಿಲ್ಲೆ ಹಾಕಿ ಚೆಕ್ ನಟ್ಟನ್ನು ಕೈಯಲ್ಲಿ ಬಿಗಿದು, ನಳ ನೇರವಾಗಿದೆಯೆಂದು ಖಚಿತಪಡಿಸಿಕೊಂಡ ಬಳಿಕವೇ ಪಾನಾ ಮುಟ್ಟಬೇಕು. ಅತಿಯಾಗಿ ಬಿಗಿದರೆ ಪಿಂಗಾಣಿ ಸೀಳುತ್ತದೆ. ಬೇಸಿನ್ನಿನ ಬೆಲೆ ನಳಕ್ಕಿಂತ ಹೆಚ್ಚೆಂಬುದನ್ನು ನೆನಪಿಡಬೇಕು. ಕನೆಕ್ಷನ್ ಪೈಪಿನ ತುದಿಯಲ್ಲಿ ರಬ್ಬರ್ ಇರುವುದರಿಂದ ಅದಕ್ಕೆ ಟೇಪು ಬೇಡ; ಕೈಬಿಗಿತ, ಮೇಲೆ ಕಾಲು ಸುತ್ತು, ಅಷ್ಟೇ. ಪೈಪು ಎಲ್ಲಿಯೂ ತಿರುಚಿರಬಾರದು.

ಟೆಫ್ಲಾನ್ ಟೇಪು ಬೇಕಾಗುವುದು ಗೋಡೆಯೊಳಕ್ಕೆ ತಿರುಪುವ ಆಂಗಲ್ ಕಾಕಿಗೆ. ಅದನ್ನು ತಿರುಪು ಬಿಗಿಯುವ ದಿಕ್ಕಿನಲ್ಲಿಯೇ ಸುತ್ತಬೇಕು. ಹಿಮ್ಮುಖವಾಗಿ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಕಬ್ಬಿಣದ ಕೊಳವೆಗಳ ಕಾಲದಲ್ಲಿ ಸುತ್ಲಿ ಮತ್ತು ಸಫೇದಾ ಹಾಕಿ ಬಲವಾಗಿ ಬಿಗಿಯುವುದೇ ಜಾಣತನವಾಗಿತ್ತು. ಇಂದಿನ ಸಿ.ಪಿ.ವಿ.ಸಿ. ಕೊಳವೆಯಲ್ಲಿ ಅದೇ ಬಲ ಹಾಕಿದರೆ ಗೋಡೆಯೊಳಗಿನ ಜೋಡಣೆ ಸೀಳುತ್ತದೆ, ಸೋರಿಕೆ ಟೈಲ್ಸಿನ ಹಿಂದೆ ಕಾಣದಂತೆ ಸಾಗುತ್ತದೆ. ಗೋಡೆಯೊಳಗೆ ಹಿತ್ತಾಳೆಯ ತಿರುಪು ಕೂಡಿಸಿದ ಜೋಡಣೆಯನ್ನೇ ಹಾಕಿಸಬೇಕು. ಕ್ರೋಮಿನ ಮೇಲೆ ಪಾನಾ ಹಾಕುವಾಗ ನಡುವೆ ಬಟ್ಟೆಯಿರಲಿ. ಎಲ್ಲ ಮುಗಿದ ಮೇಲೆ ಕೆಳಗೆ ಒಂದು ಒಣ ಕಾಗದ ಹಾಸಿ ಅರ್ಧ ತಾಸು ಕಾಯಬೇಕು. ಕಾಗದದ ಮೇಲಿನ ಒಂದು ಹನಿಯೂ ಸಾಕ್ಷಿಯೇ.

ಇನ್ನೊಂದು ಎಚ್ಚರ ಆರೋಗ್ಯಕ್ಕೆ ಸಂಬಂಧಿಸಿದ್ದು. ರಾಯಚೂರಿನಲ್ಲಿ 2022ರ ಮೇ, ಜೂನ್ ತಿಂಗಳುಗಳಲ್ಲಿ ಕಲುಷಿತ ನೀರು ಕುಡಿದು ಜನ ಸತ್ತುದನ್ನು ನಗರವು ಮರೆತಿಲ್ಲ. ಆ ದುರಂತಕ್ಕೆ ಬೇಸಿನ್ನಿನ ನಳ ಕಾರಣವಲ್ಲ. ಆದರೆ ನಳವನ್ನು ತಪ್ಪಾಗಿ ಕೂಡಿಸಿದರೆ ಒಂದು ಮನೆಯ ಮಟ್ಟಿಗೆ ಅಂಥದೇ ಅಪಾಯವನ್ನು ತಂದುಕೊಳ್ಳಬಹುದು. ನೀರು ದಿನವಿಡೀ ಬಾರದ ಊರಿನಲ್ಲಿ ಸರಬರಾಜು ನಿಂತಾಗ ಕೊಳವೆಯೊಳಗೆ ಹೀರುವ ಒತ್ತಡ ಉಂಟಾಗುತ್ತದೆ. ನಳವು ತೊಟ್ಟಿಯ ಬದಲು ನೇರವಾಗಿ ಬೀದಿಯ ಕೊಳವೆಗೆ ಜೋಡಿಸಿದ್ದು, ಅದರ ಬಾಯಿ ಬೇಸಿನ್ನಿನ ಅಂಚಿಗಿಂತ ಕೆಳಗಿದ್ದರೆ ಅಥವಾ ಅದಕ್ಕೆ ಸಿಕ್ಕಿಸಿದ ರಬ್ಬರ್ ಪೈಪು ಬಕೆಟ್ಟಿನಲ್ಲಿ ಮುಳುಗಿದ್ದರೆ, ಕೊಳೆನೀರು ಕೊಳವೆಯೊಳಕ್ಕೆ ಸೇರುತ್ತದೆ. ನಳದ ಬಾಯಿಯು ಬೇಸಿನ್ನಿನ ಅಂಚಿಗಿಂತ ಕನಿಷ್ಠ 25 ಮಿ.ಮೀ. ಮೇಲಿರಬೇಕು.

ಲೆಕ್ಕ

ಊಹೆಯ ಅಂಕಿಗಳಿಂದ ಒಂದು ಲೆಕ್ಕ ಹಾಕಬಹುದು. ಓದುಗರು ತಮ್ಮ ಊರಿನ ದರವನ್ನು ಇದರಲ್ಲಿ ತುಂಬಿಕೊಳ್ಳಬೇಕು. ಗಡಸು ನೀರಿನ ಊರಿನಲ್ಲಿ 20 ಕೊಠಡಿಗಳ ವಸತಿಗೃಹ. ಸತುವಿನ ನಳ ತೆರಿಗೆ ಸೇರಿ 450 ರೂ., ಕೂಡಿಸುವ ಕೂಲಿ 200 ರೂ., ಬಾಳಿಕೆ ಒಂದೂವರೆ ವರ್ಷ. ಆರು ವರ್ಷದಲ್ಲಿ ನಾಲ್ಕು ಸಲ ಕೂಡಿಸಬೇಕು. ಕೊಠಡಿಗೆ 2,600 ರೂ. ಹಿತ್ತಾಳೆಯ ವಾಶರ್ ನಳ ತೆರಿಗೆ ಸೇರಿ 1,300 ರೂ., ಕೂಲಿ 200 ರೂ., ವರ್ಷಕ್ಕೊಮ್ಮೆ ವಾಶರ್ ಬದಲಿಸಲು ಕೂಲಿ ಸೇರಿ 100 ರೂ.ನಂತೆ ಐದು ಸಲ. ಒಟ್ಟು 2,000 ರೂ. ಇಪ್ಪತ್ತು ಕೊಠಡಿಗಳಿಗೆ ಒಂದು ಕಡೆ 52,000, ಇನ್ನೊಂದು ಕಡೆ 40,000 ರೂ. ಅಂತರ 12,000. ಮೊದಲ ಸಲವನ್ನು ಬಿಟ್ಟು ಉಳಿದ ಮೂರು ಸಲ ನಳ ಕೆಟ್ಟಾಗ 800 ರೂ. ಬಾಡಿಗೆಯ ಕೊಠಡಿ ಒಂದೊಂದು ದಿನ ಖಾಲಿ ಉಳಿಯಿತೆಂದರೆ ಇನ್ನೂ 48,000 ರೂ. ಹೋಯಿತು; ಅಂತರ 60,000 ಆಗುತ್ತದೆ. ಅತಿಥಿಗಳು ಬರುವ ಮೊದಲೇ ಕೆಲಸ ಮುಗಿಸುವ ವ್ಯವಸ್ಥಾಪಕನಿದ್ದರೆ ಈ ನಷ್ಟ ಬಾರದು ಎಂಬುದನ್ನೂ ಹೇಳಬೇಕು.

ಈ ಲೆಕ್ಕದಲ್ಲಿ ತೀರ್ಪು ಕೊಡುವ ಅಂಕಿ ಒಂದೇ: ಅಗ್ಗದ ನಳದ ಬಾಳಿಕೆ. ಅದು ಎರಡು ವರ್ಷ ಬಾಳಿದರೆ ಆರು ವರ್ಷದ ವೆಚ್ಚ 1,950 ರೂ.ಗೆ ಇಳಿದು ಹಿತ್ತಾಳೆಗೆ ಸಮವಾಗುತ್ತದೆ; ಮೂರು ವರ್ಷ ಬಾಳಿದರೆ 1,300 ಮಾತ್ರ. ಅಂದರೆ ಮೃದು ನೀರಿನ, ದಿನಕ್ಕೆ ಹತ್ತು ಜನ ಕೈತೊಳೆಯುವ ಕಚೇರಿಗೆ ಅಗ್ಗದ್ದೇ ಲಾಭಕರವಾಗಿರಲು ಸಾಧ್ಯ. ಹಿತ್ತಾಳೆಯೆಂದರೆ ಎಲ್ಲಿಯೂ ಮೇಲು ಎಂಬ ಅಂಗಡಿಯ ಮಾತನ್ನು ಲೆಕ್ಕ ಒಪ್ಪುವುದಿಲ್ಲ. ತನ್ನ ಕಟ್ಟಡದಲ್ಲಿ ಹಿಂದಿನ ನಳ ಎಷ್ಟು ತಿಂಗಳು ಬಾಳಿತೆಂದು ಹೇಳಬಲ್ಲ ಮಾಲೀಕರು ಮಾತ್ರ ವಿರಳ.

ಸೋರಿಕೆಯನ್ನೂ ಸೇರಿಸಬೇಕು. ಸೆಕೆಂಡಿಗೊಂದು ಹನಿ, ಹನಿಗೆ ಕಾಲು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ 21.6 ಲೀಟರ್, ವರ್ಷಕ್ಕೆ ಸುಮಾರು 7,900 ಲೀಟರ್. ಬೇಸಿಗೆಯಲ್ಲಿ 5,000 ಲೀಟರಿನ ಟ್ಯಾಂಕರ್ ತರಿಸುವವರಿಗೆ ಇದು ಒಂದೂವರೆ ಟ್ಯಾಂಕರ್, ಅದೂ ಒಂದೇ ನಳದಿಂದ.

ಬಿಲ್ಲು

ನಳಗಳು ಜಿ.ಎಸ್.ಟಿ.ಯಲ್ಲಿ 8481ನೆಯ ಶೀರ್ಷಿಕೆಯಡಿ ಬರುತ್ತವೆ, ದರ ಶೇ. 18. ಮೇಲಿನ 1,300 ರೂ. ನಳದಲ್ಲಿ ತೆರಿಗೆಯೇ ಸುಮಾರು 198 ರೂ. ಇದನ್ನು ಹೂಡುವಳಿ ತೆರಿಗೆಯಾಗಿ ಮರಳಿ ಪಡೆಯಬಹುದೇ ಎಂಬುದು ಕೊಳ್ಳುವವನ ವ್ಯವಹಾರವನ್ನು ಅವಲಂಬಿಸಿದೆ. ದಿನಕ್ಕೆ 7,500 ರೂ.ವರೆಗಿನ ಬಾಡಿಗೆಯ ಕೊಠಡಿಗಳಿಗೆ 2025ರ ಸೆಪ್ಟೆಂಬರ್ 22ರಿಂದ ದರ ಶೇ. 5, ಆದರೆ ಹೂಡುವಳಿ ತೆರಿಗೆಯ ಜಮೆ ಇಲ್ಲ. ಸಾಮಾನ್ಯ ಖಾನಾವಳಿಗಳಿಗೆ 2017ರ ನವೆಂಬರಿನಿಂದಲೇ ಹೀಗಿದೆ. ಆದ್ದರಿಂದ ಇವರಿಬ್ಬರೂ ತೆರಿಗೆ ಸೇರಿದ ಬೆಲೆಯನ್ನೇ ವೆಚ್ಚವೆಂದು ಹಿಡಿಯಬೇಕು. ಹತ್ತಿ ಜಿನ್ನಿಂಗ್ ಅಥವಾ ಹಾರ್ಡ್‌ವೇರ್ ವ್ಯಾಪಾರದಂತಹ ತೆರಿಗೆಸಹಿತ ವ್ಯವಹಾರದವರು ಹಳೆಯ ನಳ ಬದಲಿಸಿ ಅದನ್ನು ದುರಸ್ತಿ ಖರ್ಚಿಗೆ ಹಾಕಿದರೆ ಜಮೆ ದೊರೆಯುತ್ತದೆ. ಹೊಸ ಕಟ್ಟಡಕ್ಕೆ ಕೂಡಿಸಿ ಕಟ್ಟಡದ ಆಸ್ತಿಮೌಲ್ಯಕ್ಕೆ ಸೇರಿಸಿದರೆ ದೊರೆಯದು. ವಿನಾಯಿತಿಯ ಬಿಡಿ ಅಕ್ಕಿ ಮತ್ತು ತೆರಿಗೆಯುಳ್ಳ ಪೊಟ್ಟಣದ ಅಕ್ಕಿ ಎರಡನ್ನೂ ಮಾರುವ ಅಕ್ಕಿ ಗಿರಣಿಯವರು ಪ್ರಮಾಣ ಹಂಚಿಕೊಳ್ಳಬೇಕಾಗುತ್ತದೆ. ಹೈದರಾಬಾದಿನಿಂದ ಮಾಲು ತರಿಸುವವರು ಬಿಲ್ಲಿನಲ್ಲಿ ತಮ್ಮ ಕರ್ನಾಟಕದ ನೋಂದಣಿ ಸಂಖ್ಯೆಯಿದ್ದು ಐ.ಜಿ.ಎಸ್.ಟಿ. ವಿಧಿಸಿರುವುದನ್ನು ಗಮನಿಸಬೇಕು, ತೆಲಂಗಾಣದ ಎಸ್.ಜಿ.ಎಸ್.ಟಿ. ಹಾಕಿದ ಬಿಲ್ಲಿನ ತೆರಿಗೆ ಇಲ್ಲಿಯ ಖಾತೆಗೆ ಜಮೆಯಾಗದು.

ಕಚ್ಚಾ ಚೀಟಿಯಲ್ಲಿ ಕೊಂಡು ಶೇ. 18 ಉಳಿಸಿದೆವೆಂದು ಭಾವಿಸುವವರು ಬಿಟ್ಟುಕೊಟ್ಟುದೇನು ಎಂಬುದನ್ನೂ ನೋಡಬೇಕು. ಐದು, ಏಳು, ಹತ್ತು ವರ್ಷದ ವಾರಂಟಿ ಪಕ್ಕಾ ಬಿಲ್ಲಿಲ್ಲದೆ ಬರಿಯ ಕಾಗದ. ಬಿಲ್ಲಿದ್ದರೂ ವಾರಂಟಿಯ ಸಣ್ಣ ಅಕ್ಷರಗಳನ್ನು ಓದಬೇಕು. ಗಡಸು ನೀರಿನಿಂದ ಆದ ಹಾನಿ ಮತ್ತು ಲೇಪದ ಮಂಕು ಅನೇಕ ವಾರಂಟಿಗಳಲ್ಲಿ ಹೊರತಾಗಿರುತ್ತವೆ. ದೇವದುರ್ಗದ ಗ್ರಾಹಕನಿಗೆ ಹತ್ತು ವರ್ಷ ಎಂಬ ಅಂಕಿಗಿಂತ ಆ ಒಂದು ಸಾಲು ಮುಖ್ಯ.

ಹಿತ್ತಾಳೆಯೆಂದು ಹೇಳಿ ಸತುವು ಕೊಟ್ಟರೆ ಕಾನೂನಿನ ದಾರಿ ಕೊಳ್ಳುವವನಿಗೆ ತಕ್ಕಂತೆ ಬೇರೆಯಾಗುತ್ತದೆ. ಮನೆಗೆ ಕೊಂಡವನು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಗ್ರಾಹಕ. ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ವಾಣಿಜ್ಯ ಉದ್ದೇಶಕ್ಕೆ ಕೊಂಡ ವಸತಿಗೃಹದ ಮಾಲೀಕನು ಸಾಮಾನ್ಯವಾಗಿ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ; ಅವನಿಗೆ 1930ರ ಸರಕು ಮಾರಾಟ ಅಧಿನಿಯಮವೇ ಆಸರೆ. ವಿವರಣೆಯ ಮೇಲೆ ಮಾರಿದ ಸರಕು ಆ ವಿವರಣೆಗೆ ಹೊಂದಬೇಕೆಂದು ಅದರ 15ನೆಯ ಪ್ರಕರಣ ಹೇಳುತ್ತದೆ. ಹಾಗೆಂದು ವಾದಿಸಲು ಬಿಲ್ಲಿನ ಮೇಲೆ "ನಳ, 20 ನಗ" ಎಂದಷ್ಟೇ ಇದ್ದರೆ ಸಾಲದು. "ಹಿತ್ತಾಳೆ ಪಿಲ್ಲರ್ ಕಾಕ್" ಎಂಬ ವಿವರಣೆಯೂ ಮಾದರಿ ಸಂಖ್ಯೆಯೂ ಇರಬೇಕು. ಬರೆಯಲು ಹಿಂಜರಿಯುವ ಅಂಗಡಿಯವನ ಹಿಂಜರಿಕೆಯೇ ಉತ್ತರ.

ಮಾರುವ ಬಾಂಧವರೂ ಗಮನಿಸತಕ್ಕ ಅಂಶ ಒಂದುಂಟು. 2019ರ ಅಧಿನಿಯಮದ 86ನೆಯ ಪ್ರಕರಣದಂತೆ, ತಯಾರಕನು ಯಾರೆಂದು ತಿಳಿಯದ ವಸ್ತುವಿನಿಂದ ಹಾನಿಯಾದರೆ ಹೊಣೆ ಮಾರಿದವನ ಮೇಲೆ ಬರಬಹುದು. ಗುರುತಿಲ್ಲದ ನಳವು ರಾತ್ರಿ ಸೀಳಿ ಗ್ರಾಹಕನ ಮನೆಯ ಸಾಮಾನು ನೆನೆದುಹೋದರೆ ಕೇಳುವ ಪ್ರಶ್ನೆ ಜಲಂಧರಕ್ಕೆ ಹೋಗುವುದಿಲ್ಲ. ಮಾರಿದ ಅಂಗಡಿಯ ಬಾಗಿಲಿಗೇ ಬರುತ್ತದೆ.

ನಳ ಕೂಡಿಸಿದ ದಿನಾಂಕ, ಪ್ಲಂಬರನಿಗೆ ಕೊಟ್ಟ ಕೂಲಿ ಮತ್ತು ಆ ದಿನದ ಒಂದು ಲೀಟರ್ ತುಂಬಲು ಹಿಡಿದ ಸೆಕೆಂಡುಗಳು, ಈ ಮೂರನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದು, ಎರಡು ಹೆಚ್ಚಿನ ವಾಶರುಗಳೊಡನೆ ಅದೇ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ಖರೀದಿಯ ವೇಳೆಗೆ ಬಾಳಿಕೆಯ ಅಂಕಿ ಆ ಕಾಗದದಲ್ಲಿಯೇ ಸಿಗುತ್ತದೆ.